ಯಂತ್ರ ಕೆಟ್ಟರೂ ಫೈಲ್ ಉಳಿಯಬೇಕು

ಮಧ್ಯಾಹ್ನ ಮೂರೂವರೆಗೆ ಷೇರುಪೇಟೆಯ ವಹಿವಾಟು ಮುಗಿಯುತ್ತದೆ. ಬೆಂಗಳೂರಿನ ಜೆ.ಪಿ. ನಗರ 4ನೇ ಹಂತದಲ್ಲಿ ಕೇಂದ್ರ ಕಚೇರಿ ಇರುವ ಷೇರು ದಲ್ಲಾಳಿ ಸಂಸ್ಥೆ ಜೆರೋಧಾದಲ್ಲಿ ಕಂಪ್ಯೂಟರುಗಳ ಇನ್ನೊಂದು ಪಾಳಿ ಆಮೇಲೆ ಶುರುವಾಗುತ್ತದೆ. ಆ ದಿನ ಷೇರು ಕೊಂಡ ಅಥವಾ ಮಾರಿದ ಪ್ರತಿಯೊಬ್ಬ ಗ್ರಾಹಕರಿಗೂ ವಹಿವಾಟಿನ ವಿವರವಿರುವ ಒಂದು ಕಾಂಟ್ರಾಕ್ಟ್ ನೋಟ್ ಹೋಗಬೇಕು. ಅದರ ಮೇಲೆ ಡಿಜಿಟಲ್ ಸಹಿ ಇರಬೇಕು, 24 ಗಂಟೆಯೊಳಗೆ ತಲುಪಬೇಕು, ಇದು ನಿಯಮ. ಸಂಸ್ಥೆಯ ಎಂಜಿನಿಯರುಗಳು 2024ರಲ್ಲಿ ಪ್ರಕಟಿಸಿದ ವಿವರದ ಪ್ರಕಾರ ದಿನಕ್ಕೆ ಇಂಥ 15 ಲಕ್ಷಕ್ಕೂ ಹೆಚ್ಚು ಪಿಡಿಎಫ್‌ಗಳು ತಯಾರಾಗುತ್ತವೆ. ಮೊದಲು ಹಲವು ಗಂಟೆ ಹಿಡಿಯುತ್ತಿದ್ದ ಈ ಕೆಲಸವನ್ನು ಅವರು ಸುಮಾರು 25 ನಿಮಿಷಕ್ಕೆ ಇಳಿಸಿದರು.

ಹೇಗೆ? ಆ ಹೊತ್ತಿಗೆ ಮಾತ್ರ ಬೇಕಾದಷ್ಟು ಸರ್ವರ್‌ಗಳನ್ನು ಬಾಡಿಗೆಗೆ ಎಬ್ಬಿಸಿ, ಕೆಲಸವನ್ನು ಹಂಚಿ, ಮುಗಿದ ಕೂಡಲೇ ಅವನ್ನು ಬಿಟ್ಟುಕೊಟ್ಟು. ಒಂದು ಹಂತದಲ್ಲಿ ಪಿಡಿಎಫ್ ತಯಾರಾಗುತ್ತದೆ, ಇನ್ನೊಂದರಲ್ಲಿ ಸಹಿ ಬೀಳುತ್ತದೆ, ಮತ್ತೊಂದರಲ್ಲಿ ಇಮೇಲ್ ಹೊರಡುತ್ತದೆ. ಒಂದು ಹಂತ ನಡೆದ ಯಂತ್ರದಲ್ಲೇ ಮುಂದಿನ ಹಂತವೂ ನಡೆಯಬೇಕೆಂದಿಲ್ಲ. ಕೆಲಸ ಮುಗಿದ ಮೇಲೆ ಆ ಯಂತ್ರಗಳೇ ಇರುವುದಿಲ್ಲ. ಹಾಗಿದ್ದರೆ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವ ಫೈಲ್ ಎಲ್ಲಿ ಕೂತಿರುತ್ತದೆ?

ಇವತ್ತು ಆಪ್ ಕಟ್ಟುವವರೆಲ್ಲ ಎದುರಿಸುವ ಪ್ರಶ್ನೆ ಇದು. ಟಿಕೆಟ್ ಕಾಯ್ದಿರಿಸುವ ಆಪ್ ಇರಲಿ, ಶಾಲೆಯ ಅಂಕಪಟ್ಟಿ ಇಡುವ ತಾಣವಿರಲಿ, ಸ್ಕ್ಯಾನ್ ವರದಿ ಕಳಿಸುವ ಡಯಾಗ್ನೊಸ್ಟಿಕ್ ಕೇಂದ್ರವಿರಲಿ, ಹಿಂದೆ ಕೆಲಸ ಮಾಡುವ ತಂತ್ರಾಂಶ ಬಹುಮಟ್ಟಿಗೆ ಕಂಟೇನರುಗಳಲ್ಲಿ ಓಡುತ್ತಿದೆ.

ಕಂಟೇನರ್ ಎಂದರೆ ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಾಮಗ್ರಿಯ ಸಮೇತ ಕಟ್ಟಿಟ್ಟ ಗಂಟು. ಯಾವ ಲಿನಕ್ಸ್ ಯಂತ್ರದ ಮೇಲೆ ಬಿಚ್ಚಿದರೂ ಅದೇ ರೀತಿ ಓಡುತ್ತದೆ. 2013ರಲ್ಲಿ ಬಂದ ಡಾಕರ್ ಇದನ್ನು ಮನೆಮಾತಾಗಿಸಿತು. ನೂರಾರು ಕಂಟೇನರುಗಳನ್ನು ಹತ್ತಾರು ಯಂತ್ರಗಳ ಮೇಲೆ ಹಂಚಿ ಕಾಯುವ ಕುಬರ್ನೆಟಿಸ್ ಅನ್ನು ಗೂಗಲ್ 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಒಂದು ಯಂತ್ರ ಕೆಟ್ಟರೆ ಕುಬರ್ನೆಟಿಸ್ ಅದರ ಮೇಲಿದ್ದ ಕಂಟೇನರನ್ನು ಇನ್ನೊಂದರ ಮೇಲೆ ಹೊಸದಾಗಿ ಎಬ್ಬಿಸುತ್ತದೆ. ಆದರೆ ಹಳೆಯ ಕಂಟೇನರ್ ತನ್ನೊಳಗೆ ಬರೆದುಕೊಂಡಿದ್ದೆಲ್ಲ ಅದರೊಂದಿಗೇ ಹೋಗುತ್ತದೆ. ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿರುವ ಹುಡುಗ ತಿಂಗಳ ಕೊನೆಗೆ ಒಂದೇ ಬ್ಯಾಗ್ ಹಿಡಿದು ಇನ್ನೊಂದು ಪಿ.ಜಿ.ಗೆ ಹೊರಟುಬಿಡಬಲ್ಲ, ಏಕೆಂದರೆ ಅವನ ಅಂಕಪಟ್ಟಿ, ದಾಖಲೆಗಳೆಲ್ಲ ಊರ ಮನೆಯ ಬೀರುವಿನಲ್ಲಿವೆ. ಕಂಟೇನರಿಗೂ ಅಂಥದ್ದೊಂದು ಬೀರು ಬೇಕು. ಅದು ಯಾವುದೇ ಒಂದು ಯಂತ್ರವನ್ನು ನೆಚ್ಚಿಕೊಂಡಿರಬಾರದು.

ಆ ಬೀರುವಿಗೆ ಕ್ಲಸ್ಟರ್ ಫೈಲ್ ವ್ಯವಸ್ಥೆ ಎಂದು ಹೆಸರು. ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಒಂದೇ ದೊಡ್ಡ ಫೋಲ್ಡರಿನಂತೆ ತೋರಿಸುವುದು ಅದರ ಕೆಲಸ. ಇದರ ಹೆಸರಾಂತ ಮಾದರಿಗಳಲ್ಲೊಂದು ಬೆಳೆದದ್ದು ಬೆಂಗಳೂರಿನಲ್ಲೇ.

ಕಥೆ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಿಂದ ಆರಂಭವಾಗುತ್ತದೆ. ಅಲ್ಲಿಗಾಗಿ ಕ್ಯಾಲಿಫೋರ್ನಿಯಾ ಡಿಜಿಟಲ್ ಎಂಬ ಕಂಪನಿ 1,024 ಸರ್ವರ್‌ಗಳನ್ನು ಜೋಡಿಸಿ 'ಥಂಡರ್' ಎಂಬ ಸೂಪರ್‌ಕಂಪ್ಯೂಟರ್ ಕಟ್ಟಿತು. 2004ರ ಜೂನ್ ಪಟ್ಟಿಯಲ್ಲಿ ಅದು ಜಗತ್ತಿನ ಎರಡನೆಯ ಅತಿವೇಗದ ಯಂತ್ರ. ಆ ಕಂಪನಿಯ ತಾಂತ್ರಿಕ ಮುಖ್ಯಸ್ಥರಾಗಿದ್ದವರು ತಮಿಳುನಾಡು ಮೂಲದ ಆನಂದ್ ಬಾಬು ಪೆರಿಯಸಾಮಿ. ಸಾಮಾನ್ಯ ಸರ್ವರ್‌ಗಳನ್ನು ಜೋಡಿಸಿ ಸೂಪರ್‌ಕಂಪ್ಯೂಟರ್ ಮಾಡಬಹುದಾದರೆ, ಸಾಮಾನ್ಯ ಡಿಸ್ಕ್‌ಗಳನ್ನು ಜೋಡಿಸಿ ದೊಡ್ಡ ಸಂಗ್ರಹವನ್ನೂ ಮಾಡಬಹುದು ಎಂಬ ಹಾದಿ ಹಿಡಿದು ಅವರು ಹಿತೇಶ್ ಚೆಲ್ಲಾನಿಯವರ ಜೊತೆ 2005ರಲ್ಲಿ ಜೆಡ್ ರಿಸರ್ಚ್ ಕಂಪನಿ ಕಟ್ಟಿದರು. ಮುಂದೆ ಅದೇ ಗ್ಲಸ್ಟರ್ ಆಯಿತು. ಕಂಪನಿ ಕ್ಯಾಲಿಫೋರ್ನಿಯಾದಲ್ಲಿದ್ದರೂ ಕೋಡ್ ಬರೆಯುವ ತಂಡದ ದೊಡ್ಡ ಪಾಲು ಬೆಂಗಳೂರಿನಲ್ಲಿತ್ತು. 2011ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶದ ಕಂಪನಿ ರೆಡ್ ಹ್ಯಾಟ್ ಇದನ್ನು 13.6 ಕೋಟಿ ಡಾಲರಿಗೆ ಕೊಂಡಿತು. ಅಲ್ಲಿಂದಾಚೆಗೆ ಡೇರಿ ಸರ್ಕಲ್ ಬಳಿ, ಬನ್ನೇರುಘಟ್ಟ ರಸ್ತೆಯ ಐಬಿಸಿ ನಾಲೆಡ್ಜ್ ಪಾರ್ಕ್‌ನಲ್ಲಿರುವ ರೆಡ್ ಹ್ಯಾಟ್ ಕಚೇರಿ ಗ್ಲಸ್ಟರ್ ಕೆಲಸದ ಮುಖ್ಯ ಠಾಣೆಯಾಯಿತು. ಜಯನಗರ, ಬಿಟಿಎಂ, ಜೆ.ಪಿ. ನಗರಗಳಿಗೆ ಕೂಗಳತೆಯ ಈ ಕಟ್ಟಡದಿಂದ ಹೊರಟ ಕೋಡನ್ನು ಫೇಸ್‌ಬುಕ್‌ನಂಥ ಕಂಪನಿಯೂ ತನ್ನ ಒಳಗಿನ ಸಂಗ್ರಹಕ್ಕೆ ಬಳಸಿತು.

ಗ್ಲಸ್ಟರಿನ ಜಾಣತನ ಇರುವುದು ಅದು ಬಿಟ್ಟುಬಿಟ್ಟ ಒಂದು ಭಾಗದಲ್ಲಿ. ಇಂಥ ಬಹುತೇಕ ವ್ಯವಸ್ಥೆಗಳಲ್ಲಿ ಯಾವ ಫೈಲ್ ಯಾವ ಡಿಸ್ಕ್‌ನಲ್ಲಿದೆ ಎಂದು ಬರೆದಿಡುವ ಪ್ರತ್ಯೇಕ ಸರ್ವರ್ ಇರುತ್ತದೆ. ಎಲ್ಲರೂ ಅದನ್ನೇ ಕೇಳಬೇಕು. ಅದು ನಿಧಾನವಾದರೆ ಎಲ್ಲವೂ ನಿಧಾನ, ಅದು ಕೆಟ್ಟರೆ ಎಲ್ಲವೂ ನಿಂತಂತೆ. ಗ್ಲಸ್ಟರಿನಲ್ಲಿ ಅಂಥ ಸರ್ವರೇ ಇಲ್ಲ. ಫೈಲ್ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ, ಲೆಕ್ಕ ಹಾಕಿದರೆ ಸಾಕು.

ಆ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಜಯನಗರ 4ನೇ ಬ್ಲಾಕಿನಲ್ಲಿ ಲಗ್ನಪತ್ರಿಕೆ ಮುದ್ರಿಸುವ ಅಂಗಡಿಯೊಂದು ಆನ್‌ಲೈನ್ ಆರ್ಡರ್ ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. ಅದರ ಆಪ್ ಮೂರು ಸರ್ವರ್‌ಗಳ ಮೇಲೆ ಕಂಟೇನರುಗಳಲ್ಲಿ ಓಡುತ್ತಿದೆ. ಪ್ರತಿ ಸರ್ವರಿನಲ್ಲೂ ಸಂಗ್ರಹಕ್ಕೆಂದೇ ಎರಡೆರಡು ಡಿಸ್ಕ್, ಒಟ್ಟು ಆರು. ಗ್ಲಸ್ಟರಿನವರ ಮಾತಿನಲ್ಲಿ ಇವು ಆರು ಬ್ರಿಕ್‌ಗಳು. ಮೂರೂ ಸರ್ವರ್‌ಗಳ ಮೊದಲ ಡಿಸ್ಕ್‌ಗಳು ಸೇರಿ ಒಂದು ಗುಂಪು, ಎರಡನೆಯ ಡಿಸ್ಕ್‌ಗಳು ಸೇರಿ ಇನ್ನೊಂದು ಗುಂಪು.

ಹುಡುಗಿಯ ಕಡೆಯವರು ಪತ್ರಿಕೆಯ ಕರಡನ್ನು ಅಪ್‌ಲೋಡ್ ಮಾಡುತ್ತಾರೆ. ಗ್ಲಸ್ಟರ್ ಮೊದಲು ನೋಡುವುದು ಫೈಲಿನ ಹೆಸರನ್ನು. ಆ ಹೆಸರನ್ನು ಒಂದು ಗಣಿತಸೂತ್ರದೊಳಗೆ ಹಾಯಿಸಿದರೆ ಸೊನ್ನೆಯಿಂದ ಸುಮಾರು 429 ಕೋಟಿಯವರೆಗಿನ ಒಂದು ಸಂಖ್ಯೆ ಹೊರಬೀಳುತ್ತದೆ. ಇದೇ ಹ್ಯಾಶ್. ಆ ಫೋಲ್ಡರಿನ ಮಟ್ಟಿಗೆ ಸಂಖ್ಯೆಗಳ ಒಂದರ್ಧ ಮೊದಲ ಗುಂಪಿಗೆ, ಇನ್ನರ್ಧ ಎರಡನೆಯ ಗುಂಪಿಗೆ ಎಂದು ಮೊದಲೇ ಹಂಚಿಕೆಯಾಗಿದೆ. ಹೊರಬಿದ್ದ ಸಂಖ್ಯೆ ಎರಡನೆಯ ಅರ್ಧಕ್ಕೆ ಸೇರಿದರೆ ಫೈಲ್ ಎರಡನೆಯ ಗುಂಪಿಗೆ. ನಾಳೆ ಅದೇ ಹೆಸರು ಹೇಳಿ ಫೈಲ್ ಕೇಳಿದಾಗಲೂ ಅದೇ ಸೂತ್ರ, ಅದೇ ಸಂಖ್ಯೆ, ಅದೇ ಗುಂಪು. ಯಾವ ಸರ್ವರಿನಲ್ಲಿರುವ ಕಂಟೇನರ್ ಕೇಳಿದರೂ ಉತ್ತರ ಒಂದೇ.

ಗುಂಪು ಗೊತ್ತಾದ ಮೇಲೆ ಅದರ ಮೂರೂ ಡಿಸ್ಕ್‌ಗಳಿಗೆ ಫೈಲ್ ಒಟ್ಟಿಗೇ ಬರೆಯಲ್ಪಡುತ್ತದೆ. ಈಗ ಎರಡನೆಯ ಸರ್ವರಿನ ಕರೆಂಟ್ ಹೋಯಿತು ಎನ್ನಿ. ಗ್ರಾಹಕರು ಅಷ್ಟರಲ್ಲಿ ಕರಡು ತಿದ್ದಿ ಮುಹೂರ್ತದ ಸಮಯ ಬದಲಿಸಿದ್ದಾರೆ. ಮೂರರಲ್ಲಿ ಎರಡು ಡಿಸ್ಕ್‌ಗಳು ಬದುಕಿವೆ, ಅಂದರೆ ಬಹುಮತವಿದೆ, ಬರಹ ನಡೆಯುತ್ತದೆ. ಆ ಎರಡೂ ಡಿಸ್ಕ್‌ಗಳು ಫೈಲಿಗೆ ಅಂಟಿಕೊಂಡೇ ಇರುವ ಒಂದು ಸಣ್ಣ ಗುರುತಿನಲ್ಲಿ "ಎರಡನೆಯವನಿಗೆ ಈ ಬದಲಾವಣೆ ತಲುಪಿಲ್ಲ" ಎಂದು ಬರೆದಿಟ್ಟುಕೊಳ್ಳುತ್ತವೆ. ಕರೆಂಟ್ ಬಂದು ಸರ್ವರ್ ಎದ್ದ ಮೇಲೆ, ಇದಕ್ಕೆಂದೇ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್ ಆ ಗುರುತುಗಳನ್ನು ಹುಡುಕಿ ಬಾಕಿ ಬಿದ್ದದ್ದನ್ನು ನಕಲಿಸುತ್ತದೆ. ಎಂದಿನ ಲೆಕ್ಕದಲ್ಲಿ 10 ನಿಮಿಷಕ್ಕೊಮ್ಮೆ ಈ ತಪಾಸಣೆ ನಡೆಯುತ್ತಿರುತ್ತದೆ. ಅಂಗಡಿಯವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಮುದ್ರಣಕ್ಕೆ ಹೋಗುವುದು ಸರಿಯಾದ ಮುಹೂರ್ತವೇ.

ಎರಡೇ ಪ್ರತಿ ಇಟ್ಟಿದ್ದರೆ ಏನಾಗುತ್ತಿತ್ತು? ಎರಡು ಸರ್ವರ್‌ಗಳ ನಡುವಿನ ನೆಟ್‌ವರ್ಕ್ ತುಂಡಾದಾಗ ಎರಡೂ "ನಾನು ಬದುಕಿದ್ದೇನೆ, ಇನ್ನೊಬ್ಬ ಸತ್ತ" ಎಂದುಕೊಂಡು ತಮ್ಮ ತಮ್ಮ ಪಾಡಿಗೆ ಬದಲಾವಣೆ ಸ್ವೀಕರಿಸುತ್ತವೆ. ನೆಟ್‌ವರ್ಕ್ ಮರಳಿದಾಗ ಒಂದರಲ್ಲಿ ಒಂದು ಮುಹೂರ್ತ, ಇನ್ನೊಂದರಲ್ಲಿ ಇನ್ನೊಂದು. ಯಾವುದು ನಿಜ ಎಂದು ಯಂತ್ರ ಹೇಳಲಾರದು. ಎಂಜಿನಿಯರುಗಳು ಇದನ್ನು ಸ್ಪ್ಲಿಟ್ ಬ್ರೈನ್ ಎನ್ನುತ್ತಾರೆ. ರಾತ್ರಿ ಪಾಳಿಯವರ ನಿದ್ದೆ ಕೆಡಿಸುವ ತೊಂದರೆ ಇದು. ಮೂರು ಪೂರ್ತಿ ಪ್ರತಿ ಇಡಲು ಡಿಸ್ಕ್ ಸಾಲದವರಿಗಾಗಿ 2015ರಲ್ಲಿ ಬಂದ ಗ್ಲಸ್ಟರ್ 3.7 ಆವೃತ್ತಿ 'ಆರ್ಬಿಟರ್' ಎಂಬ ಉಪಾಯ ತಂದಿತು. ಈ ಮೂರನೆಯ ಬ್ರಿಕ್ ಫೈಲಿನ ಒಳಗಿನದನ್ನು ಇಟ್ಟುಕೊಳ್ಳುವುದಿಲ್ಲ. ಹೆಸರು ಮತ್ತು ಗುರುತುಗಳನ್ನಷ್ಟೇ ಇಟ್ಟುಕೊಂಡು, ತಕರಾರು ಬಂದಾಗ ಮೂರನೆಯ ಮತ ಹಾಕುತ್ತದೆ.

ಇಷ್ಟೆಲ್ಲ ಇದ್ದರೂ ಗ್ಲಸ್ಟರನ್ನು ಕುಬರ್ನೆಟಿಸ್ ಒಳಗೆ ಕೂರಿಸುವುದು ಮೊದಮೊದಲು ಸಲೀಸಾಗಿರಲಿಲ್ಲ.

ಕುಬರ್ನೆಟಿಸ್‌ನಲ್ಲಿ ಜಾಗ ಬೇಕಾದವರು ಅರ್ಜಿ ಹಾಕುತ್ತಾರೆ: "ನನ್ನ ಆಪ್‌ಗೆ 10 ಜಿಬಿ ಬೇಕು, ಎಲ್ಲ ಕಂಟೇನರುಗಳೂ ಏಕಕಾಲಕ್ಕೆ ಓದಿ ಬರೆಯುವಂತಿರಬೇಕು." ಅರ್ಜಿಗೆ ತಕ್ಕ ಜಾಗವನ್ನು ಹಿಂದಿನ ಸಂಗ್ರಹ ವ್ಯವಸ್ಥೆ ತಾನಾಗಿ ಮಾಡಿಕೊಡಬೇಕು. ಗ್ಲಸ್ಟರಿನ ಪರವಾಗಿ ಈ ಅರ್ಜಿಗಳನ್ನು ನೋಡಿಕೊಳ್ಳಲು ಹೆಕೆಟಿ ಎಂಬ ಪ್ರೋಗ್ರಾಮ್ ಇತ್ತು. ಅದು ಪ್ರತಿ ಅರ್ಜಿಗೂ ಹೊಸದೊಂದು ಗ್ಲಸ್ಟರ್ ವಾಲ್ಯೂಮ್, ಅಂದರೆ ಬ್ರಿಕ್‌ಗಳನ್ನು ಕೂಡಿಸಿದ ಸಂಗ್ರಹ, ಕಟ್ಟುತ್ತಿತ್ತು. ಪ್ರತಿ ವಾಲ್ಯೂಮಿಗೂ ತನ್ನದೇ ಬ್ರಿಕ್‌ಗಳು, ಅವನ್ನು ನಡೆಸಲು ಪ್ರೋಗ್ರಾಮುಗಳು. ಹತ್ತು ಅರ್ಜಿಗೆ ಇದು ಸರಿ. ನೂರಾರು ಆದಾಗ ಸರ್ವರಿನ ಮೆಮೊರಿಯೆಲ್ಲ ಇದಕ್ಕೇ ಹೋಗತೊಡಗಿತು. ಜೊತೆಗೆ, ಹೆಕೆಟಿ ಒಂದು ಲೆಕ್ಕಪುಸ್ತಕ ಇಟ್ಟುಕೊಂಡರೆ ಗ್ಲಸ್ಟರಿನದೇ ಇನ್ನೊಂದು ಲೆಕ್ಕ. ಇವೆರಡರ ನಡುವೆ ವ್ಯತ್ಯಾಸ ಬಂದರೆ ಸರಿಪಡಿಸುವ ಹೊರೆ ಮನುಷ್ಯರ ಮೇಲೆ.

2020ರ ಆರಂಭದಲ್ಲಿ ರೆಡ್ ಹ್ಯಾಟ್ ತನ್ನ ಕಂಟೇನರ್ ಸಂಗ್ರಹದ ಹೊಸ ಪೀಳಿಗೆಯನ್ನು ಗ್ಲಸ್ಟರಿನ ಬದಲು ಸೆಫ್ ಎಂಬ ಇನ್ನೊಂದು ಸಂಗ್ರಹ ವ್ಯವಸ್ಥೆಯ ಮೇಲೆ ಕಟ್ಟಿತು. ಸೆಫ್ ಹುಟ್ಟಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಶಾಖೆಯಲ್ಲಿ, ಸೇಜ್ ವೈಲ್ ಅವರ ಪಿಎಚ್‌.ಡಿ. ಕೆಲಸದಿಂದ. ಅದನ್ನು ಬೆಳೆಸಿದ ಇಂಕ್‌ಟ್ಯಾಂಕ್ ಕಂಪನಿಯನ್ನೂ ರೆಡ್ ಹ್ಯಾಟ್ 2014ರಲ್ಲಿ ಕೊಂಡಿತ್ತು. 2022ರ ಡಿಸೆಂಬರಿನಲ್ಲಿ ಬಂದ ಕುಬರ್ನೆಟಿಸ್ 1.26 ತನ್ನೊಳಗಿದ್ದ ಗ್ಲಸ್ಟರ್ ಜೋಡಣೆಯನ್ನು ತೆಗೆದುಹಾಕಿತು. ರೆಡ್ ಹ್ಯಾಟ್ ಗ್ಲಸ್ಟರ್ ಸ್ಟೋರೇಜ್ ಎಂಬ ಉತ್ಪನ್ನಕ್ಕೆ ಕಂಪನಿಯ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು.

ಮುಚ್ಚಿದ ತಂತ್ರಾಂಶವಾಗಿದ್ದರೆ ಕಥೆ ಅಲ್ಲಿಗೆ ನಿಲ್ಲುತ್ತಿತ್ತು. ಗ್ಲಸ್ಟರಿನ ಕೋಡ್ ಮುಕ್ತವಾಗಿತ್ತು. ಅದನ್ನು ವರ್ಷಗಟ್ಟಲೆ ಬರೆದ ಕೈಗಳೂ ಬೆಂಗಳೂರಿನಲ್ಲೇ ಇದ್ದವು. ಗ್ಲಸ್ಟರಿನ ಆರಂಭದ ದಿನಗಳಿಂದ ತಂಡದಲ್ಲಿದ್ದ ಅಮರ್ ತುಂಬಳ್ಳಿ ಮತ್ತು ಅದರ ಮೇಲೆ ಬಹುಕಾಲ ದುಡಿದ ಅರವಿಂದ ವಿ.ಕೆ. ಸೇರಿ, ಆ ಬೆಂಬಲ ಮುಗಿಯುವ ಮೊದಲೇ, 'ಕಡಲು' ಎಂಬ ಹೊಸ ಯೋಜನೆ ಆರಂಭಿಸಿದ್ದರು. ಅರವಿಂದರ ಹೆಸರು ಕನ್ನಡ ತಂತ್ರಾಂಶದ ವಲಯದಲ್ಲಿ ಬೇರೆ ಕಾರಣಕ್ಕೂ ಪರಿಚಿತ. 'ಗುಬ್ಬಿ' ಮತ್ತು 'ನವಿಲು' ಎಂಬ ಮುಕ್ತ ಯೂನಿಕೋಡ್ ಫಾಂಟ್‌ಗಳನ್ನು ರೂಪಿಸಿದವರು ಅವರೇ. ಡೆಬಿಯನ್ ಲಿನಕ್ಸ್ ಬಳಸುವವರಿಗೆ ಇವೆರಡೂ ಸಿಗುತ್ತವೆ.

ಕಡಲು ಮಾಡಿದ್ದು ಒಂದು ದೊಡ್ಡ ಸರಳೀಕರಣ. ಫೈಲುಗಳನ್ನು ಹಂಚುವ, ಪ್ರತಿ ಇಡುವ ಗ್ಲಸ್ಟರಿನ ತಿರುಳನ್ನು ಹಾಗೇ ಉಳಿಸಿಕೊಂಡು, ಅದರ ಮೇಲಿನ ಆಡಳಿತವನ್ನು ಬಿಟ್ಟುಬಿಟ್ಟಿತು. ಯಾವ ಯಂತ್ರ ಬದುಕಿದೆ, ಯಾವ ಪ್ರೋಗ್ರಾಮನ್ನು ಮತ್ತೆ ಎಬ್ಬಿಸಬೇಕು ಎಂದು ಕಾಯುವ ಕೆಲಸವನ್ನು ಕುಬರ್ನೆಟಿಸ್ ಹೇಗೂ ಮಾಡುತ್ತದೆ; ಅದನ್ನೇ ಇನ್ನೊಮ್ಮೆ ಮಾಡುವ ಪದರ ಏಕೆ? ಪ್ರತಿ ಅರ್ಜಿಗೆ ಹೊಸ ವಾಲ್ಯೂಮ್ ಕಟ್ಟುವ ಪದ್ಧತಿಯೂ ಹೋಯಿತು. ಒಂದೇ ದೊಡ್ಡ ವಾಲ್ಯೂಮಿನೊಳಗೆ ಅರ್ಜಿಗೊಂದು ಫೋಲ್ಡರ್, ಫೋಲ್ಡರಿಗೊಂದು ಗಾತ್ರದ ಮಿತಿ. ನೂರು ಅರ್ಜಿ ಬಂದರೂ ಬ್ರಿಕ್ ನಡೆಸುವ ಪ್ರೋಗ್ರಾಮುಗಳ ಸಂಖ್ಯೆ ಏರುವುದಿಲ್ಲ.

ಹೀಗಾಗಿ ಕೂರಿಸುವ ಕೆಲಸವೂ ಚಿಕ್ಕದಾಯಿತು. ಮೊದಲ ಆಜ್ಞೆಯಲ್ಲಿ ಕಡಲುವಿನ ಮೇಲ್ವಿಚಾರಕ ಪ್ರೋಗ್ರಾಮ್ ಕ್ಲಸ್ಟರಿಗೆ ಬಂದು ಕೂರುತ್ತದೆ. ಎರಡನೆಯ ಆಜ್ಞೆಯಲ್ಲಿ ಸಂಗ್ರಹದ ಹೆಸರು, ಪ್ರತಿಗಳು ಎಷ್ಟು, ಯಾವ ಸರ್ವರಿನ ಯಾವ ಡಿಸ್ಕ್ ಎಂದು ಹೇಳಬೇಕು. ಆಮೇಲೆ ಆಪ್ ಬರೆಯುವವರು ತಮ್ಮ ಅರ್ಜಿಯಲ್ಲಿ ಈ ಸಂಗ್ರಹವನ್ನು ಹೆಸರಿಸಿದರೆ ಸಾಕು. ಕುಬರ್ನೆಟಿಸ್ ಮತ್ತು ಸಂಗ್ರಹದ ನಡುವಿನ ಮಾತುಕತೆಗೆ ಸಿಎಸ್‌ಐ ಎಂಬ ಸಾಮಾನ್ಯ ನಿಯಮಾವಳಿ ಇದೆ. ಅದು 2018ರ ಡಿಸೆಂಬರಿನಲ್ಲಿ ಕುಬರ್ನೆಟಿಸ್ 1.13ರೊಂದಿಗೆ ಗಟ್ಟಿಯಾಯಿತು. ಕಡಲು, ಸೆಫ್ ಮತ್ತು ಇಂಥ ಇತರ ವ್ಯವಸ್ಥೆಗಳು ಅದೇ ದಾರಿಯಲ್ಲಿ ಕುಬರ್ನೆಟಿಸ್ ಜೊತೆ ಮಾತಾಡುತ್ತವೆ. ಬೆಂಗಳೂರಿನ ಕ್ಲೌಡ್‌ಬೈಟ್ ತಂಡದಿಂದ ಹೊರಬಂದ ಓಪನ್‌ಇಬಿಎಸ್ ಕೂಡ ಆ ಸಾಲಿನದು. ಅದು ಎಲ್ಲರೂ ಹಂಚಿಕೊಳ್ಳುವ ಫೋಲ್ಡರಿನ ಬದಲು ಒಂದೊಂದು ಆಪ್‌ಗೆ ಪ್ರತ್ಯೇಕ ಡಿಸ್ಕ್ ಕೊಡುವುದಕ್ಕೆ ಹೆಸರಾದದ್ದು.

ಆಜ್ಞೆಗಳು ಎರಡೇ ಆದರೂ ಅದಕ್ಕೆ ಮೊದಲು ಮಾಡಬೇಕಾದ ಯೋಚನೆ ಹೆಚ್ಚು. ಮೂರು ಪ್ರತಿ ಎಂದು ಕಾಗದದ ಮೇಲೆ ಬರೆದು, ಮೂರು ಸರ್ವರ್‌ಗಳೂ ಒಂದೇ ದೊಡ್ಡ ಯಂತ್ರದೊಳಗಿನ ವರ್ಚುವಲ್ ಯಂತ್ರಗಳಾಗಿದ್ದರೆ, ಆ ಯಂತ್ರ ನಿಂತ ದಿನ ಮೂರು ಪ್ರತಿಯೂ ಇಲ್ಲ. ಮೂರು ನಿಜವಾದ ಯಂತ್ರಗಳೂ ಒಂದೇ ಯುಪಿಎಸ್‌ಗೆ, ಒಂದೇ ನೆಟ್‌ವರ್ಕ್ ಸ್ವಿಚ್ಚಿಗೆ ಸಿಕ್ಕಿಸಿದ್ದರೂ ಅದೇ ಪಾಡು. ಸಂಗ್ರಹದ ಡಿಸ್ಕ್ ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕ್‌ಗಿಂತ ಬೇರೆ ಇರಬೇಕು. ಇಲ್ಲವಾದರೆ ಲಾಗ್ ಫೈಲುಗಳು ತುಂಬಿದ ದಿನ ಗ್ರಾಹಕರ ಫೈಲಿಗೂ ಜಾಗವಿರುವುದಿಲ್ಲ. ಡಿಸ್ಕ್ ಪೂರ್ತಿ ತುಂಬುವ ಮುನ್ನವೇ ಎಚ್ಚರಿಕೆ ಬರುವಂತೆ ಕಟ್ಟಿಕೊಳ್ಳಬೇಕು, ಏಕೆಂದರೆ ಬ್ರಿಕ್‌ಗಳನ್ನು ಸೇರಿಸಿದ ಮೇಲೆ ಹಳೆಯ ಫೈಲುಗಳನ್ನು ಹೊಸ ಹಂಚಿಕೆಗೆ ತಕ್ಕಂತೆ ಸಾಗಿಸಲು ಹೊತ್ತು ಹಿಡಿಯುತ್ತದೆ, ಅಷ್ಟು ಕಾಲ ನೆಟ್‌ವರ್ಕಿನ ಮೇಲೂ ಭಾರ.

ಇನ್ನು, ಯಾವ ಫೈಲಿಗೆ ಯಾವ ಸಂಗ್ರಹ ಎಂಬುದು. ಫೋಟೊ, ವಿಡಿಯೊ, ಸ್ಕ್ಯಾನ್, ಬ್ಯಾಕಪ್‌ನಂಥ ದೊಡ್ಡ ಫೈಲುಗಳಿಗೆ ಗ್ಲಸ್ಟರ್ ಬಗೆಯ ವ್ಯವಸ್ಥೆ ಚೆನ್ನಾಗಿ ಒಗ್ಗುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ಡೇಟಾಬೇಸಿಗೆ ಒಗ್ಗುವುದಿಲ್ಲ. ಲಕ್ಷಗಟ್ಟಲೆ ಚಿಕ್ಕ ಫೈಲುಗಳಿರುವ ಕಡೆಯೂ ತಿಣುಕುತ್ತದೆ, ಏಕೆಂದರೆ ಪ್ರತಿ ಫೈಲ್ ತೆರೆಯುವಾಗಲೂ ಯಂತ್ರಗಳ ನಡುವೆ ನಾಲ್ಕಾರು ಸಲ ಮಾತುಕತೆಯಾಗಬೇಕು. ಫೈಲ್ ಎಷ್ಟೇ ಪುಟ್ಟದಾದರೂ ಆ ಮಾತುಕತೆಯ ಖರ್ಚು ಅಷ್ಟೇ.

ಜೆ.ಪಿ. ನಗರದ ಜೆರೋಧಾ ಎಂಜಿನಿಯರುಗಳಿಗೆ ಎದುರಾದದ್ದೂ ಚಿಕ್ಕ ಫೈಲುಗಳ ಸಂತೆಯೇ. ಅವರು ಮೊದಲು ಅಮೆಜಾನಿನ ಇಎಫ್‌ಎಸ್ ಎಂಬ ಹಂಚಿಕೆಯ ಫೈಲ್ ವ್ಯವಸ್ಥೆಯನ್ನು ಪ್ರಯತ್ನಿಸಿದರು. ಅಷ್ಟು ಯಂತ್ರಗಳು ಒಟ್ಟಿಗೆ ಬರೆಯತೊಡಗಿದಾಗ ಅದರ ಮಿತಿ ಅಡ್ಡ ಬಂತು. ಆಮೇಲೆ ಅದೇ ಅಮೆಜಾನಿನ ಎಸ್‌3ಗೆ ಹೋದರು. ಅದು ಫೋಲ್ಡರುಗಳ ವ್ಯವಸ್ಥೆಯಲ್ಲ. ಹೆಸರು ಕೊಟ್ಟು ವಸ್ತು ಇಡುವ, ಹೆಸರು ಹೇಳಿ ವಸ್ತು ಪಡೆಯುವ ಉಗ್ರಾಣ. ಅಲ್ಲೂ ಒಂದು ನಿಯಮವಿದೆ: ಹೆಸರಿನ ಒಂದೇ ಪೂರ್ವಭಾಗದಡಿ ಸೆಕೆಂಡಿಗೆ 3,500 ಬರಹ, 5,500 ಓದು ಎಂದು ಅಮೆಜಾನ್ ಲೆಕ್ಕ ಕೊಡುತ್ತದೆ. ಫೈಲುಗಳಿಗೆ ಅವರು ಇಡುತ್ತಿದ್ದ ಹೆಸರುಗಳು ಸಮಯದಿಂದ ಹುಟ್ಟುತ್ತಿದ್ದುದರಿಂದ ಆರಂಭದ ಅಕ್ಷರಗಳು ಒಂದೇ ಆಗಿ, ಎಲ್ಲವೂ ಒಂದೇ ಕಡೆ ಗುಂಪುಗೂಡುತ್ತಿದ್ದವು. ಹೆಸರಿಡುವ ರೀತಿಯನ್ನೇ ಬದಲಿಸಿ ಅವನ್ನು ಚದುರಿಸಬೇಕಾಯಿತು. ಸಂಗ್ರಹವನ್ನು ಯಾರಿಂದ ಬಾಡಿಗೆಗೆ ಪಡೆದರೂ ಅದರ ಒಳಗಿನ ಹಂಚಿಕೆ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಗ್ಲಸ್ಟರಿನಲ್ಲಿ ಆಗಲಿ, ಎಸ್‌3ನಲ್ಲಿ ಆಗಲಿ, ಫೈಲಿನ ಹೆಸರೇ ಅದರ ಜಾಗವನ್ನು ನಿರ್ಧರಿಸುವುದರಲ್ಲಿ ಪಾಲು ಪಡೆಯುತ್ತದೆ.

ಗ್ಲಸ್ಟರ್ ಕಟ್ಟಿದ ಆನಂದ್ ಬಾಬು ಪೆರಿಯಸಾಮಿಯವರೂ ಮುಂದೆ ಹಿಡಿದದ್ದು ಈ ಉಗ್ರಾಣದ ದಾರಿಯನ್ನೇ. 2014ರಲ್ಲಿ ಅವರು ಗರಿಮಾ ಕಪೂರ್ ಮತ್ತು ಗ್ಲಸ್ಟರಿನ ದಿನಗಳ ಒಡನಾಡಿ ಹರ್ಷವರ್ಧನ ಅವರೊಂದಿಗೆ ಮಿನ್‌ಐಒ ಆರಂಭಿಸಿದರು. ಎಸ್‌3 ಮಾತಾಡುವ ಭಾಷೆಯಲ್ಲೇ ಮಾತಾಡುವ ಉಗ್ರಾಣವನ್ನು ನಮ್ಮದೇ ಯಂತ್ರಗಳ ಮೇಲೆ ಕಟ್ಟಿಕೊಳ್ಳಲು ಅದು ಅನುವು ಮಾಡಿತು.

ಹಳೆಯ ರೆಡ್ ಹ್ಯಾಟ್ ಗ್ಲಸ್ಟರ್ ಮೇಲೆ ಇನ್ನೂ ಫೈಲ್ ಇಟ್ಟುಕೊಂಡಿರುವವರ ಮುಂದೆ ಈಗ ಮೂರು ದಾರಿಗಳಿವೆ. ಮುಕ್ತ ಗ್ಲಸ್ಟರಿನಲ್ಲೇ ಮುಂದುವರಿದು ನಿರ್ವಹಣೆಯನ್ನು ತಾವೇ ಹೊರುವುದು ಒಂದು. ಸೆಫ್‌ಗೆ ಸಾಗುವುದು ಎರಡನೆಯದು; ಅದಕ್ಕೆ ಹೆಚ್ಚು ಮೆಮೊರಿ, ಹೆಚ್ಚು ಕಲಿಕೆ ಬೇಕು. ಹಂಚಿಕೆಯ ಫೋಲ್ಡರ್ ನಿಜವಾಗಿ ಬೇಕಿಲ್ಲದ ಆಪ್‌ಗಳನ್ನು ತಿದ್ದಿ ಉಗ್ರಾಣಕ್ಕೆ ಒಗ್ಗಿಸುವುದು ಮೂರನೆಯದು. ಗ್ಲಸ್ಟರಿನ ಒಂದು ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ಪ್ರತಿಗಳನ್ನಷ್ಟೇ ಇಡುವ ಸಾಮಾನ್ಯ ಜೋಡಣೆಯಲ್ಲಿ ಬ್ರಿಕ್ ಎಂದರೆ ಎಂದಿನ ಲಿನಕ್ಸ್ ಫೋಲ್ಡರೇ, ಅದರೊಳಗೆ ಫೈಲುಗಳು ತಮ್ಮ ಹೆಸರಿನಲ್ಲೇ ಇಡಿಯಾಗಿ ಕೂತಿರುತ್ತವೆ. ಮೇಲಿನ ವ್ಯವಸ್ಥೆ ಪೂರ್ತಿ ನಿಂತುಹೋದರೂ ಡಿಸ್ಕ್ ಬಿಚ್ಚಿ ಫೈಲುಗಳನ್ನು ನಕಲಿಸಿಕೊಳ್ಳಬಹುದು.

ಯಾವ ದಾರಿ ಹಿಡಿದರೂ ಒಂದು ಕೆಲಸ ಬಾಕಿ ಉಳಿಯುತ್ತದೆ. ಮೂರು ಪ್ರತಿ ಇದ್ದ ಮಾತ್ರಕ್ಕೆ ಬ್ಯಾಕಪ್ ಇದೆ ಎಂದಲ್ಲ. ಯಾರೋ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಕ್ಲಸ್ಟರ್ ಆ ಆಜ್ಞೆಯನ್ನು ಮೂರೂ ಪ್ರತಿಗಳ ಮೇಲೆ ಅಷ್ಟೇ ನಿಷ್ಠೆಯಿಂದ ನಡೆಸುತ್ತದೆ. ಆಪ್‌ನ ದೋಷದಿಂದ ಫೈಲ್ ಹಾಳಾದರೆ ಹಾಳಾದದ್ದೇ ಮೂರು ಕಡೆ ಕೂರುತ್ತದೆ. ಆದ್ದರಿಂದ ಕ್ಲಸ್ಟರಿನ ಹೊರಗೆ, ಬೇರೆ ಕಟ್ಟಡದಲ್ಲಿ, ಕ್ಲಸ್ಟರಿನ ಪಾಸ್‌ವರ್ಡ್ ತಲುಪದ ಜಾಗದಲ್ಲಿ ದಿನದಿನದ ನಕಲು ಇರಬೇಕು. ತಿಂಗಳಿಗೊಮ್ಮೆ ಆ ನಕಲಿನಿಂದ ಕೆಲವು ಫೈಲುಗಳನ್ನು ಖಾಲಿ ಯಂತ್ರವೊಂದಕ್ಕೆ ಮರಳಿ ತಂದು, ತೆರೆದು, ಮೂಲದ ಜೊತೆ ಹೋಲಿಸಿ ನೋಡಬೇಕು. ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಬೇಕು. ನಿಜವಾಗಿ ಅನಾಹುತವಾದ ದಿನ ಗ್ರಾಹಕರು ಕೇಳುವ ಮೊದಲ ಪ್ರಶ್ನೆ ಅದೇ: ನನ್ನ ಫೈಲ್ ಎಷ್ಟು ಹೊತ್ತಿಗೆ ಸಿಗುತ್ತದೆ?